ರಾಗಿಕಾಳಿನ ದಂಡು



ಆಡು-ಹುಲಿ ಆಟ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಾವು ಆಡು-ಹುಲಿ ಅನ್ನುತ್ತೇವೆ, ಪಕ್ಕದ ಮನೆಯವರು ಪುಲಿ-ಮೇಕ ಅನ್ನುತ್ತಾರೆ. ಗೆರೆಗಳು ಅವೇ, ಕಲ್ಲುಗಳೂ ಅವೇ. ಮೂರು ಹುಲಿ, ಹದಿನೈದು ಆಡು. ಹುಲಿಗೆ ಬಲ ಹೆಚ್ಚು, ಆಡಿಗೆ ಸಂಖ್ಯೆ ಹೆಚ್ಚು. ಆಡುಗಳು ಒಗ್ಗಟ್ಟಾಗಿ ಜಾಗ ಹಿಡಿದರೆ ಹುಲಿ ಅಲ್ಲಾಡದಂತೆ ಸಿಕ್ಕಿಬೀಳುತ್ತದೆ. ಹಂಪಿಯ ಕಲ್ಲುಹಾಸುಗಳ ಮೇಲೆ ಇಂಥ ಆಟಗಳ ಮನೆಗಳನ್ನು ಕೊರೆದಿರುವುದನ್ನು ಹೋದವರು ನೋಡಿರಬಹುದು. ಬಲಕ್ಕಿಂತ ಜಾಗ ಮುಖ್ಯ ಎಂಬ ಪಾಠವನ್ನು ನಮ್ಮ ಹಿರಿಯರು ಜಗಲಿಯ ಮೇಲೆ ಕೂತೇ ಕಲಿತಿದ್ದರು.

ಇಂದು ಅದೇ ಜಾತಿಯ ಇನ್ನೊಂದು ಆಟದ ವಿಷಯ ಹೇಳುತ್ತೇನೆ. ಹಳೆಯ ಕಾಲದ ನಿಜವಾದ ಕಾಳಗಗಳನ್ನು ಮೇಜಿನ ಮೇಲೆ, ಕಾಳಿನಷ್ಟು ಚಿಕ್ಕ ಸೈನಿಕರನ್ನಿಟ್ಟು, ಮತ್ತೆ ಆಡಿ ನೋಡುವ ಆಟ ಇದು. ನಾನು ಇದಕ್ಕೆ ಕೈಹಾಕಿದ್ದು ಒಂದು ಪ್ರಶ್ನೆಯಿಂದ. ರಾಯದುರ್ಗದ ಕೋಟೆ ನೋಡಿ ಬಂದ ಅಕ್ಕನ ಮಗ ರಾತ್ರಿ ಊಟಕ್ಕೆ ಕೂತಾಗ, "ಮಾಮ, ತಾಳಿಕೋಟೆಯಲ್ಲಿ ನಮ್ಮೋರು ಯಾಕೆ ಸೋತ್ರು? ಯಾರೋ ಮೋಸ ಮಾಡಿದ್ರಂತೆ, ಹೌದಾ?" ಎಂದು ಕೇಳಿದ. ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಒಂದು ಮಾತಿನ ಉತ್ತರ ಒಮ್ಮೊಮ್ಮೆ ನೆರೆಹೊರೆಯವರ ನಡುವೆ ಗೋಡೆ ಎಬ್ಬಿಸುತ್ತದೆ. ಅದಕ್ಕೇ, "ಆಡಿಯೇ ನೋಡೋಣ, ತಾಳು" ಎಂದೆ.

ಮೊದಲು ಈ ಆಟ ಎಲ್ಲಿಂದ ಬಂತು ಎಂದು ನೋಡೋಣ. ಅದರ ಬೇರು ನಮ್ಮ ಚದುರಂಗದಲ್ಲೇ ಇದೆ. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳೇ ಚತುರಂಗ. ಸುಮಾರು ೬-೭ನೆಯ ಶತಮಾನದ ಹೊತ್ತಿಗೆ ಭಾರತದಲ್ಲಿದ್ದ ಈ ಆಟ ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಅರಬರ ಕೈಸೇರಿ, ಯುರೋಪು ಮುಟ್ಟಿತು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಹಲಗೆಯಾಟಗಳಲ್ಲಿ ಎಷ್ಟು ಆಸಕ್ತರೆಂದರೆ, 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ 'ಕೌತುಕನಿಧಿ' ಎಂಬ ಭಾಗವನ್ನು ಇಡಿಸಿದರು.

ಚದುರಂಗದಲ್ಲಿ ಒಂದು ಕೊರತೆ ಉಂಟು. ಅದರ ನೆಲ ಸಮತಟ್ಟು. ಅಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ, ಕೆಸರಿಲ್ಲ, ದೂಳಿಲ್ಲ. ಎದುರಾಳಿಯ ಒಂದೊಂದು ಕಾಯಿಯೂ ಕಣ್ಣಿಗೆ ಕಾಣುತ್ತದೆ. ನಿಜವಾದ ರಣರಂಗದಲ್ಲಿ ಹಾಗಿರುವುದಿಲ್ಲ. ಈ ಕೊರತೆ ತುಂಬಲು ಜರ್ಮನ್ ಸೀಮೆಯ ಬ್ರುನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಎಂಬುವರು ೧೭೮೦ರಲ್ಲಿ ಚದುರಂಗದ ಹಲಗೆಯನ್ನು ಹಿಗ್ಗಿಸಿ, ಮನೆಗಳಿಗೆ ಗುಡ್ಡ, ನೀರು, ಊರು ಎಂದು ಬಣ್ಣ ಕೊಟ್ಟರು. ಪ್ರಷ್ಯಾದ ರೈಸ್ವಿಟ್ಸ್ ಎಂಬುವರು ೧೮೧೨ರಲ್ಲಿ ಚೌಕದ ಮನೆಗಳನ್ನೇ ಬಿಟ್ಟು, ಮೇಜಿನ ಮೇಲೆ ನೆಲದ ಏರಿಳಿತವನ್ನೇ ಮಾಡಿ ತಮ್ಮ ರಾಜನಿಗೆ ತೋರಿಸಿದರು. ೧೮೨೪ರಲ್ಲಿ ಅವರ ಮಗ ಅದನ್ನು ನಕಾಶೆಯ ಮೇಲೆ ಆಡುವಂತೆ ತಿದ್ದಿದರು. ಎಂಟು ಸಾವಿರದಲ್ಲಿ ಒಂದು ಪಾಲಿನ ನಕಾಶೆ, ಪಡೆಗಳಿಗೆ ಪುಟ್ಟ ಬಿಲ್ಲೆಗಳು, ಅದೃಷ್ಟಕ್ಕೆ ದಾಳ, ಇಬ್ಬರ ನಡುವೆ ಒಬ್ಬ ಪಂಚ. ಆ ಪಂಚನಿಗೆ ಮಾತ್ರ ಎರಡೂ ಕಡೆಯ ಗುಟ್ಟು ಗೊತ್ತು. ಪ್ರಷ್ಯಾದ ಸೇನಾಧಿಕಾರಿಗಳಿಗೆ ಇದು ಪಾಠವಾಯಿತು. ಮುಂದೆ ೧೯೧೩ರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ಆಟಿಕೆಯ ಸಿಪಾಯಿಗಳಿಂದ ಆಡುವ ಕ್ರಮ ಬರೆದು ಪುಸ್ತಕ ಮಾಡಿದರು. ನಿಜವಾದ ಯುದ್ಧಕ್ಕಿಂತ ಆಟದ ಯುದ್ಧ ಎಷ್ಟೋ ಮೇಲು ಎಂಬುದು ಅವರ ವಾದ. ಮರುವರ್ಷವೇ, ೧೯೧೪ರಲ್ಲಿ, ಮೊದಲ ಮಹಾಯುದ್ಧ ಹೊತ್ತಿಕೊಂಡಿತು.

ಇಷ್ಟು ಕಥೆ. ಇನ್ನು ಸೈನಿಕ ಕಾಳಿನಷ್ಟು ಚಿಕ್ಕವನು ಯಾಕಾಗಬೇಕು, ನೋಡೋಣ.

ಈ ಆಟ ಆಡುವವರು ಗೊಂಬೆಯ ಎತ್ತರವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ೨೮ ಮಿಲಿಮೀಟರಿನ ಗೊಂಬೆ, ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಅದಕ್ಕೆ ಮೀಸೆ ಬರೆಯಬಹುದು, ಪೇಟ ಸುತ್ತಬಹುದು. ಅದಕ್ಕಿಂತ ಚಿಕ್ಕವು ೧೫, ೧೦, ೬, ಕೊನೆಗೆ ೩ ಮತ್ತು ೨ ಮಿಲಿಮೀಟರಿನವೂ ಇವೆ. ಆರು ಮಿಲಿಮೀಟರಿನ ಸೈನಿಕನೆಂದರೆ ನಿಜವಾದ ಮನುಷ್ಯನ ಸುಮಾರು ಮುನ್ನೂರರಲ್ಲಿ ಒಂದು ಪಾಲು. ಎರಡು ಮಿಲಿಮೀಟರಿನವನು ಸುಮಾರು ಎಂಟುನೂರೈವತ್ತರಲ್ಲಿ ಒಂದು ಪಾಲು. ಅವನಿಗೆ ಮುಖವಿಲ್ಲ, ಕೈಕಾಲಿಲ್ಲ. ಅಂಥವರನ್ನು ಒಬ್ಬೊಬ್ಬರಾಗಿ ಮಾಡದೆ, ಸಾಲುಸಾಲಾಗಿ ಒಂದೇ ತುಂಡಿನಲ್ಲಿ ಎರಕ ಹೊಯ್ಯುತ್ತಾರೆ. ದೂರದಿಂದ ನೋಡಿದರೆ ಹೊಲದಲ್ಲಿ ಸಾಲು ಹಿಡಿದ ಪೈರಿನಂತೆ ಕಾಣುತ್ತದೆ.

ಒಂದು ಲೆಕ್ಕ ಮಾಡೋಣ. ಸಾವಿರ ಕಾಲಾಳುಗಳು ಐದು ಸಾಲಾಗಿ ನಿಂತರೆ ಒಂದು ಸಾಲಿಗೆ ಇನ್ನೂರು ಮಂದಿ. ಒಬ್ಬನಿಗೆ ಒಂದು ಮೀಟರ್ ಜಾಗವೆಂದರೆ ಆ ಪಡೆಯ ಅಗಲ ಇನ್ನೂರು ಮೀಟರು. ಮೇಜಿನ ಮೇಲೆ ಒಂದು ಸೆಂಟಿಮೀಟರು ಅಂದರೆ ನೆಲದ ಮೇಲೆ ಐವತ್ತು ಮೀಟರು ಎಂದಿಟ್ಟುಕೊಳ್ಳಿ. ಆಗ ಸಾವಿರ ಮಂದಿಗೆ ನಾಲ್ಕು ಸೆಂಟಿಮೀಟರ್ ಜಾಗ. ಅಷ್ಟು ಜಾಗದಲ್ಲಿ ಹೆಬ್ಬೆರಳಿನ ಗೆಣ್ಣಿನಷ್ಟು ದೊಡ್ಡ ಗೊಂಬೆಗಳು ಎರಡು ನಿಂತಾವು. ಎರಡು ಗೊಂಬೆ ನೋಡಿ ಸಾವಿರ ಮಂದಿ ಅಂದುಕೊಳ್ಳಲು ಕಣ್ಣು ಒಪ್ಪುವುದಿಲ್ಲ, ಇಬ್ಬರು ಪೈಲ್ವಾನರ ಕುಸ್ತಿಯಂತೆ ಕಾಣುತ್ತದೆ. ಅದೇ ಜಾಗದಲ್ಲಿ ಐವತ್ತು ಕಾಳುಗಳನ್ನು ಸಾಲುಗಟ್ಟಿ ಅಂಟಿಸಿ ನೋಡಿ, ದಂಡು ಕಾಣುತ್ತದೆ. ದಂಡಿನ ಸುತ್ತ ನೆಲವೂ ಕಾಣುತ್ತದೆ. ಗೊಂಬೆ ದೊಡ್ಡದಾದರೆ ಕಣ್ಣು ವೀರನ ಮೇಲೆ ನಿಲ್ಲುತ್ತದೆ. ಗೊಂಬೆ ಕಾಳಾದರೆ ಕಣ್ಣು ಹೊಳೆ, ದಾರಿ, ದಿಣ್ಣೆಗಳ ಮೇಲೆ ಹರಿಯುತ್ತದೆ. ಹಿಂದೆ ಕರಣಂ ಅವರ ಬಳಿ, ಮೈಸೂರು ಕಡೆಯಾದರೆ ಶಾನುಭೋಗರ ಬಳಿ, ಗ್ರಾಮದ ನಕಾಶೆ ಇರುತ್ತಿತ್ತಲ್ಲ, ಅದರಲ್ಲಿ ಮನುಷ್ಯರಿರಲಿಲ್ಲ, ನೆಲ ಪೂರ್ತಿ ಇರುತ್ತಿತ್ತು. ಈ ಆಟ ಆ ನಕಾಶೆಯ ಮೇಲೆ ಮನುಷ್ಯರನ್ನು ನಿಲ್ಲಿಸಿದ ಹಾಗೆ.

ಸೀಸದ ಗೊಂಬೆ ತರಿಸಲು ನಮ್ಮಲ್ಲಿ ದುಡ್ಡೆಲ್ಲಿಂದ ಬರಬೇಕು? ಬೇಕಾಗಿಯೂ ಇಲ್ಲ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ನಾಲ್ಕು ಸೆಂಟಿಮೀಟರ್ ಅಗಲ, ಎರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದೆವು. ಮೈದಾ ಅಂಟು ಕುದಿಸಿ ಹಚ್ಚಿ, ರಾಗಿಕಾಳನ್ನು ಸಾಲಾಗಿ ಉದುರಿಸಿದೆವು. ಒಂದು ಚೀಟಿ ಸಾವಿರ ಕಾಲಾಳು. ಕುದುರೆಪಡೆಗೆ ಜೋಳದ ಕಾಳು, ಒಂದು ಚೀಟಿಗೆ ಐನೂರು ಕುದುರೆ. ಆನೆಗೆ ಹುಣಸೆಬೀಜ. ತೋಪುಗಳಿಗೆ ಕರಿಮೆಣಸು. ಒಂದು ಕಡೆಗೆ ಅರಿಶಿನ, ಇನ್ನೊಂದು ಕಡೆಗೆ ಬಟ್ಟೆಗೆ ಹಾಕುವ ನೀಲಿ ಬಳಿದೆವು. ಅಡುಗೆಮನೆಯಿಂದ ಅವ್ವ, "ಅನ್ನ ತಿನ್ನೋ ಕಾಳಲ್ಲಿ ಯುದ್ಧ ಮಾಡ್ತೀರೇನ್ರೋ? ಎರಡು ಹಿಡಿ ಮೇಲೆ ಒಂದು ಕಾಳು ಕೊಡಾಕಿಲ್ಲ" ಎಂದು ಗದರಿದಳು. ಆ ಮಾತನ್ನು ಆಮೇಲೆ ನೆನೆಯಬೇಕಾಯಿತು.

ನಾಲ್ಕಡಿ ಉದ್ದದ ಹಲಗೆಯ ಮೇಲೆ ಕಂಬಳಿ ಹಾಸಿದೆವು. ದಿಣ್ಣೆ ಬೇಕಾದ ಕಡೆ ಕಂಬಳಿಯ ಕೆಳಗೆ ಬಟ್ಟೆಯ ಮಡಿಕೆ. ಹೊಳೆಗೆ ಹಳೆಯ ಸೀರೆಯ ನೀಲಿ ಅಂಚು. ನಾಲ್ಕಡಿ ಎಂದರೆ ನಮ್ಮ ಅಳತೆಯಲ್ಲಿ ಆರು ಕಿಲೋಮೀಟರು.

ಆಟದ ಕ್ರಮ ಸುಲಭ. ಒಂದು ಸರದಿ ಎಂದರೆ ಕಾಲು ಗಂಟೆ. ಸಾಲು ಕೆಡದೆ ನಡೆಯುವ ಕಾಲಾಳು ಗಂಟೆಗೆ ಮೂರು ಕಿಲೋಮೀಟರ್ ನಡೆದಾನು; ಹಾಗಾಗಿ ಸರದಿಗೆ ೧೫ ಸೆಂಟಿಮೀಟರು. ಕುದುರೆಗೆ ೩೦. ಹೊಳೆ ದಾಟುವ ಪಡೆಗೆ ಒಂದು ಸರದಿ ಪೂರ್ತಿ ಖರ್ಚು. ತೋಪಿನ ಹೊಡೆತ ೧೦ ಸೆಂಟಿಮೀಟರ್ ದೂರಕ್ಕೆ. ಎರಡು ಚೀಟಿಗಳು ಎದುರುಬದುರಾದರೆ ಇಬ್ಬರೂ ನಾಲ್ಕು ನಾಲ್ಕು ಕವಡೆ ಬಿಡಬೇಕು. ಬಾಯಿ ಮೇಲಾದವುಗಳನ್ನು ಎಣಿಸಿ, ಎತ್ತರದಲ್ಲಿರುವವನಿಗೆ ಒಂದು ಕೂಡಿಸಿ. ತೋಪಿನ ನೆರವಿದ್ದರೆ ಇನ್ನೆರಡು. ಒಂದು ಕಡಿಮೆ ಬಂದವನು ಹಿಂದೆ ಸರಿಯುತ್ತಾನೆ. ಎರಡೋ ಹೆಚ್ಚೋ ಕಡಿಮೆಯಾದರೆ ಚೀಟಿ ಮಗುಚುತ್ತದೆ. ಆ ಪಡೆ ಎದೆಗುಂದಿತು ಎಂದು ಅರ್ಥ. ಎರಡನೆಯ ಸಲ ಮಗುಚಿದರೆ ಅದು ಓಡಿಹೋಯಿತು. ಸತ್ತವರಿಗಿಂತ ಎದೆಗುಂದಿದವರ ಲೆಕ್ಕವೇ ಇಲ್ಲಿ ಮುಖ್ಯ. ಹಳೆಯ ಕಾಲದ ಎಷ್ಟೋ ದಂಡುಗಳು ಕಡೆಯ ಮನುಷ್ಯ ಬೀಳುವ ಮೊದಲೇ ಧೈರ್ಯ ಕಳೆದುಕೊಂಡು ಚದುರಿದವು.

ಈಗ ತಾಳಿಕೋಟೆಗೆ ಬರೋಣ. ರಕ್ಕಸತಂಗಡಿ ಎಂದೂ ಕರೆಯುವ ಆ ಕಾಳಗ ನಡೆದದ್ದು ೧೫೬೫ರ ಜನವರಿಯಲ್ಲಿ, ಕೃಷ್ಣಾ ತೀರದಲ್ಲಿ. ಒಂದು ಕಡೆ ವಿಜಯನಗರದ ರಾಮರಾಯ, ಅವನ ತಮ್ಮಂದಿರಾದ ತಿರುಮಲ ಮತ್ತು ವೆಂಕಟಾದ್ರಿ. ಇನ್ನೊಂದು ಕಡೆ ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ್ ಸುಲ್ತಾನರ ಕೂಟ. ನಾವು ಆಟಕ್ಕೆ ಹಿಡಿದದ್ದು ಫೆರಿಶ್ತಾ ಎಂಬ ಇತಿಹಾಸಕಾರ ಬರೆದಿಟ್ಟ ವಿವರ. ಹೊಳೆ ಹಾಯುವ ಕಡವನ್ನು, ನಮ್ಮ ತೆಲುಗು ನೆರೆಯವರು ರೇವು ಅನ್ನುವುದನ್ನು, ವಿಜಯನಗರದವರು ಭದ್ರವಾಗಿ ಕಾಯುತ್ತಿದ್ದರು. ಸುಲ್ತಾನರ ದಂಡು ಬೇರೆ ಕಡೆ ದಾಟುವವರಂತೆ ಹೊಳೆಯ ಉದ್ದಕ್ಕೂ ನಡೆಯಿತು. ಈ ದಡದವರೂ ಅವರನ್ನು ಹಿಂಬಾಲಿಸಿ ನಡೆದರು. ಒಂದು ರಾತ್ರಿ ಸುಲ್ತಾನರ ದಂಡು ತಟ್ಟನೆ ಹಿಂತಿರುಗಿ, ಕಾವಲಿಲ್ಲದ ಮೊದಲಿನ ಕಡವಿನಲ್ಲೇ ಹೊಳೆ ದಾಟಿತು.

ಮೊದಲ ಆಟದಲ್ಲಿ ಹಿರಿಯ ಹುಡುಗ ಅರಿಶಿನದ ದಂಡು ಹಿಡಿದ, ಕಿರಿಯವನು ನೀಲಿ. ನಡುವೆ ಪರದೆ ಕಟ್ಟಿ ನಾನು ಪಂಚನಾದೆ. ಇಬ್ಬರೂ ತಮ್ಮ ನಡೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು. ನನಗೆ ಕಂಡದ್ದನ್ನಷ್ಟೇ ಅವರಿಗೆ ಹೇಳುತ್ತೇನೆ. "ಎದುರು ದಡದಲ್ಲಿ ದೂಳು ಏಳುತ್ತಿದೆ, ಮೂಡಣಕ್ಕೆ ಸರಿಯುತ್ತಿದೆ" ಎಂದೆ. ಹಿರಿಯವನು ಇಪ್ಪತ್ತಕ್ಕೆ ಇಪ್ಪತ್ತೂ ಚೀಟಿಗಳನ್ನು ಮೂಡಣಕ್ಕೆ ನಡೆಸಿಬಿಟ್ಟ. ಇತಿಹಾಸ ಓದಿದವನು, ಆದರೂ ಬಿದ್ದ. ಪರದೆ ತೆಗೆದಾಗ ಅವನ ಮುಖ ನೋಡಬೇಕಿತ್ತು.

ಎರಡನೆಯ ಆಟದಲ್ಲಿ ಅವನು ಜಾಣನಾಗಿ ಏಳು ಚೀಟಿಗಳನ್ನು ಕಡವಿನಲ್ಲಿ ಬಿಟ್ಟ. ಕಿರಿಯವನು ಅಲ್ಲಿಗೆ ಬರಲೇ ಇಲ್ಲ, ನಿಜವಾಗಿಯೇ ಮೂಡಣಕ್ಕೆ ಹೋಗಿ ದಾಟಿದ. ಏಳು ಚೀಟಿಗಳು ಕಾಳಗಕ್ಕೆ ಬಂದು ತಲುಪುವಷ್ಟರಲ್ಲಿ ನಾಲ್ಕು ಸರದಿ ಕಳೆದಿತ್ತು. ಉದ್ದವಾದ ಹೊಳೆಯನ್ನು ಕಾಯುವುದು ಎಷ್ಟು ಕಷ್ಟವೆಂಬುದು ಅಂದು ಅವನಿಗೆ ತಿಳಿಯಿತು.

ಮೂರನೆಯ ಆಟವನ್ನು ದಾಟಿದ ಮೇಲಿನಿಂದ ಶುರುಮಾಡಿದೆವು. ಅಹಮದನಗರದ ಹುಸೇನ್ ನಿಜಾಮ ಶಾಹ ನಡುವೆ ನಿಂತಿದ್ದ. ಅವನ ಮುಂದೆ ಆರುನೂರು ತೋಪುಗಳು ಮೂರು ಸಾಲಾಗಿದ್ದವು, ಅವು ಕಾಣದಂತೆ ಮುಂದೆ ಎರಡು ಸಾವಿರ ಬಿಲ್ಲುಗಾರರು ನಿಂತಿದ್ದರು ಎಂದು ಫೆರಿಶ್ತಾ ಹೇಳುತ್ತಾನೆ. ವಿಜಯನಗರದ ಪಡೆ ಹತ್ತಿರ ಬಂದಾಗ ಬಿಲ್ಲುಗಾರರು ಬದಿಗೆ ಸರಿದರು, ತೋಪುಗಳು ಗರ್ಜಿಸಿದವು. ಆ ಮೇಲೆ ಗುಂಡಿನ ಬದಲು ತಾಮ್ರದ ನಾಣ್ಯದ ಚೀಲಗಳನ್ನು ತುಂಬಿ ಹಾರಿಸಿದರಂತೆ. ಆಟದಲ್ಲೂ ಹಾಗೆಯೇ ಆಯಿತು. ಅರಿಶಿನದ ದಂಡು ಎರಡು ಬದಿಯಲ್ಲೂ ಗೆಲ್ಲುತ್ತ ಬಂದು, ನಡುವೆ ಕರಿಮೆಣಸಿನ ಸಾಲಿಗೆ ಸಿಕ್ಕಿತು. ನಡುಪಡೆ ಮಗುಚಿತು. ರಾಮರಾಯ ಸೆರೆಸಿಕ್ಕಿ ಹತನಾದದ್ದನ್ನು ತೋರಿಸಲು, ಅವನ ಚೀಟಿ ಹೋದೊಡನೆ ಎಲ್ಲ ಪಡೆಗಳೂ ಕವಡೆ ಬಿಟ್ಟು ಎದೆ ಪರೀಕ್ಷಿಸಬೇಕು ಎಂಬ ನಿಯಮ ಮಾಡಿದ್ದೆವು. ಗೆಲ್ಲುತ್ತಿದ್ದ ಬದಿಗಳೂ ಚದುರಿದವು.

ಹುಡುಗ ಬಹಳ ಹೊತ್ತು ಹಲಗೆ ನೋಡುತ್ತ ಕೂತ. ಆಮೇಲೆ, "ಮೋಸ ಇಲ್ದೇನೂ ಸೋಲಬಹುದು, ಅಲ್ವಾ ಮಾಮ?" ಅಂದ.

ಬಂಧುಗಳೆ, ಇಲ್ಲಿ ಎಚ್ಚರದಿಂದ ಮಾತಾಡಬೇಕು. ರಾಮರಾಯನ ಸೇನೆಯ ಇಬ್ಬರು ಮುಸಲ್ಮಾನ ಸರದಾರರು ನಡುವೆ ಪಕ್ಷ ಬದಲಿಸಿದರು ಎಂಬ ಮಾತು ಹಳೆಯ ಬರಹಗಳಲ್ಲಿದೆ; ಅದನ್ನು ಎಷ್ಟು ನಂಬಬೇಕೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಮೇಜಿನಾಟ ಅದನ್ನು ತೀರ್ಮಾನ ಮಾಡಲಾರದು. ನಡೆದದ್ದು ಹೀಗೇ ಎಂದು ಆಟ ಸಾಬೀತು ಮಾಡುವುದಿಲ್ಲ. ಹೀಗೂ ನಡೆಯಬಹುದಿತ್ತು, ಹಾಗೆ ನಡೆಯಲು ಜಾಗವೇ ಇರಲಿಲ್ಲ ಎಂಬಷ್ಟನ್ನು ತೋರಿಸುತ್ತದೆ. ಕಡವು, ತೋಪು, ರಾಜ ಬಿದ್ದಾಗ ಹಬ್ಬುವ ಭಯ, ಇಷ್ಟು ಕಾರಣಗಳು ಕಣ್ಣೆದುರು ಕಂಡ ಮೇಲೆ ಒಬ್ಬರ ಜಾತಿ ಮತದ ಮೇಲೆ ಸೋಲಿನ ಹೊರೆ ಹೊರಿಸಲು ಮನಸ್ಸು ಹಿಂಜರಿಯುತ್ತದೆ. ವಿಜಯನಗರದ ಸೇನೆಯಲ್ಲಿ ಮುಸಲ್ಮಾನರಿದ್ದರು, ಸುಲ್ತಾನರ ಸೇನೆಗಳಲ್ಲಿ ಮರಾಠರೂ ಬೇರೆ ಹಿಂದೂಗಳೂ ಇದ್ದರು. ಕಾಳಿಗೆ ಅರಿಶಿನ, ನೀಲಿ ಬಳಿದವರು ನಾವು.

ಸಂಖ್ಯೆಯ ವಿಷಯವೂ ಹಾಗೆಯೇ. ಹಳೆಯ ಬರಹಗಳು ದಂಡನ್ನು ಲಕ್ಷಗಳಲ್ಲಿ ಎಣಿಸುತ್ತವೆ. ಒಂದು ಲಕ್ಷ ಕಾಲಾಳುಗಳನ್ನು ಐದು ಸಾಲಾಗಿ ನಿಲ್ಲಿಸಲು ನಮ್ಮ ಅಳತೆಯಲ್ಲಿ ನೂರು ಚೀಟಿ ಬೇಕು. ಅಂದರೆ ನಾಲ್ಕು ಮೀಟರ್ ಉದ್ದದ ಹಲಗೆ, ನೆಲದ ಮೇಲೆ ಇಪ್ಪತ್ತು ಕಿಲೋಮೀಟರು. ಐದು ಲಕ್ಷವಾದರೆ ನೂರು ಕಿಲೋಮೀಟರು! ಸಾಲುಗಳನ್ನು ಹೆಚ್ಚಿಸಿ ಅಗಲ ತಗ್ಗಿಸಬಹುದು. ಆಗ ಹಿಂದಿನ ಸಾಲಿನವನಿಗೆ ಮುಂದೇನಾಗುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಇಷ್ಟು ಜನಕ್ಕೆ ದಿನಕ್ಕೆ ಎಷ್ಟು ಕಾಳು, ಎಷ್ಟು ನೀರು, ಎಷ್ಟು ಮೇವು? ಎರಡು ಹಿಡಿ ರಾಗಿಗೆ ಲೆಕ್ಕವಿಟ್ಟ ಅವ್ವನ ಮಾತು ಆಗ ನೆನಪಾಯಿತು. ದಂಡು ಹಾದುಹೋದ ದಾರಿಯ ಊರುಗಳ ಕಣಜ ಏನಾಗಿರಬೇಕು!

ಆ ಕಾಳಗ ನಮ್ಮ ಸೀಮೆಗೆ ದೂರದ್ದಲ್ಲ. ಸೋತ ತಿರುಮಲ ಸದಾಶಿವರಾಯನನ್ನು ಕರೆದುಕೊಂಡು ಬಂದದ್ದು ಪೆನುಕೊಂಡೆಗೆ, ನಮ್ಮ ಮಡಕಶಿರದ ನೆರೆಗೆ. ಅಲ್ಲಿಂದ ಮುಂದೆಯೂ ಈ ನೆಲದ ಹಣೆಬರಹವನ್ನು ಕಾಳಗಗಳೂ ಕಾಗದಗಳೂ ಬರೆದವು. ಮೈಸೂರಿನ ಯುದ್ಧಗಳಾದ ಮೇಲೆ ೧೭೯೨ರಲ್ಲೂ ೧೭೯೯ರಲ್ಲೂ ಈ ಸೀಮೆ ನಿಜಾಮನ ಪಾಲಿಗೆ ಬಂತು, ೧೮೦೦ರಲ್ಲಿ ಕಂಪನಿಯ ಕೈಸೇರಿತು. ೧೮೮೨ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು. ಬಳ್ಳಾರಿಯಲ್ಲೇ ಉಳಿದಿದ್ದ ರಾಯದುರ್ಗ ೧೯೫೩ರಲ್ಲಿ ಆಂಧ್ರಕ್ಕೆ ಸೇರಿತು. ೨೦೨೨ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹಲಗೆಯ ಮೇಲೆ ಸೀರೆಯ ಅಂಚನ್ನು ಒಂದಿಷ್ಟು ಆಚೆ ಸರಿಸಿದಷ್ಟು ಸುಲಭವಾಗಿ ಗೆರೆಗಳು ಸರಿದವು. ಗೆರೆ ಸರಿದಾಗಲೂ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಾವು ಇದ್ದಲ್ಲೇ ಇದ್ದೆವು.

ಕಡೆಯದಾಗಿ ಒಂದು ಮಾತು. ಮನುಷ್ಯನನ್ನು ಕಾಳು ಮಾಡುವುದು ತಪ್ಪಲ್ಲವೆ ಎಂದು ನೀವು ಕೇಳಬಹುದು. ಆ ಪ್ರಶ್ನೆ ನನ್ನನ್ನೂ ಕಾಡಿತು. ಅದಕ್ಕೆ ಉತ್ತರ ನಮ್ಮ ವೀರಗಲ್ಲುಗಳಲ್ಲಿದೆ. ಮಡಕಶಿರ ಸೀಮೆಯ ಹೇಮಾವತಿ, ಅಂದಿನ ಹೆಂಜೇರು, ನೊಳಂಬರ ರಾಜಧಾನಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ಬಂದ ಒಂದು ದೊಡ್ಡ ವೀರಗಲ್ಲಿದೆ. ಗಂಗರ ಎರೆಯಪ್ಪನ ಪರವಾಗಿ ನಾಗತ್ತರನೆಂಬ ವೀರ ಬೀರಮಹೇಂದ್ರನ ಮೇಲೆ ಹೋಗಿ ತುಂಬೆಪಾಡಿಯಲ್ಲಿ ಕಾದಿ ಮಡಿದನೆಂದು ಅದರ ಕನ್ನಡ ಶಾಸನ ಹೇಳುತ್ತದೆ. ಆ ಮಹೇಂದ್ರ ನೊಳಂಬ ದೊರೆಯೆಂದು ಕೆಲವು ಇತಿಹಾಸಕಾರರು ಗುರುತಿಸುತ್ತಾರೆ. ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ಹೋರಾಡುವ ಇಡೀ ರಣರಂಗವೇ ಆ ಒಂದು ಕಲ್ಲಿನಲ್ಲಿದೆ. ಅದೂ ಚಿಕ್ಕದು ಮಾಡಿದ ಯುದ್ಧವೇ. ಆದರೆ ಅದರ ಜೊತೆಗೆ ಸತ್ತವನ ಹೆಸರಿದೆ.

ಅದನ್ನು ತಿಳಿದ ಮೇಲೆ ನಮ್ಮ ಆಟಕ್ಕೆ ಒಂದು ನಿಯಮ ಸೇರಿಸಿದೆವು. ಆಟ ಮುಗಿದಾಗ ಗೆದ್ದವನು ಎದ್ದು ಕುಣಿಯುವಂತಿಲ್ಲ. ಮೇಜಿನಿಂದ ತೆಗೆದ ಚೀಟಿಗಳನ್ನು ಇಬ್ಬರೂ ಕೂತು ಎಣಿಸಬೇಕು, ಒಂದಕ್ಕೆ ಸಾವಿರದಂತೆ, ಎರಡೂ ಬಣ್ಣದವನ್ನು ಕೂಡಿಸಿ. ಮೊನ್ನೆ ಹುಡುಗರು ಎಣಿಸಿದಾಗ ಹದಿನೇಳು ಚೀಟಿ ಬಂತು. "ಹದಿನೇಳು ಸಾವಿರ" ಎಂದ ಕಿರಿಯವನು, ಆಮೇಲೆ ನಮ್ಮೂರಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿದ.

ಮಳೆಗಾಲದ ಸಂಜೆಗಳಲ್ಲಿ ನೀವೂ ಮಕ್ಕಳನ್ನು ಕೂಡಿಸಿಕೊಂಡು ಆಡಿ ನೋಡಿ. ಎರಡು ಹಿಡಿ ರಾಗಿ ಸಾಕು. ಅವ್ವನನ್ನು ಕೇಳಿ ತೆಗೆದುಕೊಳ್ಳಿ.